ಒಂದೇ ಕಡತ, ಹಲವು ಕೈಗಳು

ಕಂಪ್ಯೂಟರ್ ಜ್ಞಾನ ಎಂದರೇನು ಎಂಬ ಪ್ರಶ್ನೆಗೆ ನಮ್ಮ ತಾಲ್ಲೂಕು ಕೇಂದ್ರಗಳ ತರಬೇತಿ ಸಂಸ್ಥೆಗಳು ಕೊಡುವ ಉತ್ತರ ಬಹಳ ವರ್ಷಗಳಿಂದ ಬದಲಾಗಿಲ್ಲ. ವರ್ಡ್‌ನಲ್ಲಿ ಪತ್ರ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಮೊತ್ತ ತೆಗೆಯುವುದು, ಪವರ್‌ಪಾಯಿಂಟ್‌ನಲ್ಲಿ ನಾಲ್ಕು ಸ್ಲೈಡ್ ಜೋಡಿಸುವುದು, ಕನ್ನಡಕ್ಕೆ ನುಡಿ ತಂತ್ರಾಂಶ ಹಾಕಿಕೊಳ್ಳುವುದು. ಇಷ್ಟಾದರೆ ಸರ್ಟಿಫಿಕೇಟ್ ಕೈಗೆ ಬರುತ್ತದೆ. ರಾಜ್ಯ ಸರ್ಕಾರ 2012ರಲ್ಲಿ ನಿಯಮ ರೂಪಿಸಿ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ತಂದಾಗ, ಕೀಲಿಮಣೆಯನ್ನು ದೂರದಿಂದಲೇ ನೋಡುತ್ತಿದ್ದ ಎಷ್ಟೋ ಮಂದಿ ಕಲಿಯಲು ಕುಳಿತರು. ಅದರಿಂದ ಆದ ಉಪಕಾರ ದೊಡ್ಡದು. ಆದರೆ ಈ ನಡುವೆ ಕೆಲಸ ನಡೆಯುವ ಜಾಗವೇ ಬದಲಾಗಿಬಿಟ್ಟಿದೆ. ಶಾಲೆಯ ದಾಖಲಾತಿ ವಿವರ, ಸಹಕಾರ ಸಂಘದ ಬಾಕಿ ಪಟ್ಟಿ, ಸಣ್ಣ ಕಾರ್ಖಾನೆಯ ಹಾಜರಾತಿ ಈಗ ಮೇಜಿನ ಮೇಲಿನ ಯಂತ್ರದೊಳಗೆ ಇರಬೇಕೆಂದಿಲ್ಲ. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೊ ಮುಂತಾದ ಸೇವೆಗಳ ಮೂಲಕ ಅವು ಎಲ್ಲೋ ದೂರದ ಸರ್ವರಿನಲ್ಲಿ, ನಾವು ಕ್ಲೌಡ್ ಎಂದು ಕರೆಯುವಲ್ಲಿ, ನೆಲೆಸಿರುತ್ತವೆ. ನಾವು ಮಾತ್ರ ಇದನ್ನು ಹಳೆಯ ವರ್ಡ್, ಎಕ್ಸೆಲ್‌ಗಳ ಹೊಸ ಆವೃತ್ತಿಯೆಂದು ತಿಳಿದು, ಯಾವ ಗುಂಡಿ ಎಲ್ಲಿಗೆ ಸರಿದಿದೆ ಎಂಬುದನ್ನಷ್ಟೇ ಕಲಿಸುತ್ತಿದ್ದೇವೆ. ಕಲಿಸಬೇಕಾದ ಮೊದಲ ಪಾಠ ಬೇರೆಯೇ ಇದೆ ಎಂಬುದು ನನ್ನ ವಾದ. ಈ ದಾಖಲೆ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಯಾರು ಮುಟ್ಟಬಹುದು, ನಿನ್ನೆ ಹೇಗಿತ್ತು? ಇವಕ್ಕೆ ಉತ್ತರ ಹೇಳಬಲ್ಲವರಿಗೆ ಗುಂಡಿಗಳನ್ನು ಹುಡುಕಿಕೊಳ್ಳುವುದು ಕಷ್ಟವಲ್ಲ. ಗುಂಡಿಗಳು ಮಾತ್ರ ಗೊತ್ತಿದ್ದು ಇವು ಗೊತ್ತಿಲ್ಲದವರ ಕೈಯಲ್ಲಿ ಕೆಲಸವೂ ಕೆಡುತ್ತದೆ, ಜನರ ಮಾಹಿತಿಯೂ ಸೋರುತ್ತದೆ.

ಹಳೆಯ ರೂಢಿ ಹುಟ್ಟಿದ್ದಕ್ಕೆ ಕಾರಣವಿದೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗಾಗಿ ವಿಸಿಕ್ಯಾಲ್ಕ್ ಎಂಬ ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ ತಂತ್ರಾಂಶವನ್ನು ಹೊರತಂದಾಗ, ಲೆಕ್ಕದ ಹಾಳೆ ಇದ್ದದ್ದು ಒಂದು ಫ್ಲಾಪಿಯಲ್ಲಿ. ಅದನ್ನು ಇನ್ನೊಬ್ಬರಿಗೆ ಕೊಡಬೇಕೆಂದರೆ ಇನ್ನೊಂದು ಫ್ಲಾಪಿಗೆ ನಕಲು ಮಾಡಬೇಕಿತ್ತು. ಹಂಚುವುದೆಂದರೆ ನಕಲು ಮಾಡುವುದು ಎಂಬ ಭಾವನೆ ಅಲ್ಲಿಂದ ಬೇರೂರಿತು. ಇಮೇಲ್ ಬಂದಮೇಲೆ ನಕಲಿಗೆ ಖರ್ಚೇ ಇಲ್ಲವಾಯಿತು, ವಾಟ್ಸ್‌ಆ್ಯಪ್ ಬಂದಮೇಲೆ ಯೋಚನೆಯೂ ಬೇಡವಾಯಿತು. ಒಂದು ಕ್ಲಸ್ಟರಿನಲ್ಲಿ ಇಪ್ಪತ್ತು ಶಾಲೆಗಳಿವೆ ಎಂದುಕೊಳ್ಳೋಣ. ಅವುಗಳ ಹೊಣೆ ಹೊತ್ತ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಒಂದು ಎಕ್ಸೆಲ್ ನಮೂನೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಇಪ್ಪತ್ತು ಮುಖ್ಯ ಶಿಕ್ಷಕರು ಅದನ್ನು ಇಳಿಸಿಕೊಂಡು ತುಂಬಿ ವಾಪಸು ಕಳಿಸುತ್ತಾರೆ. ಇಬ್ಬರು ಕಾಲಂ ಒಂದನ್ನು ಹೆಚ್ಚಿಗೆ ಸೇರಿಸಿರುತ್ತಾರೆ, ಮೂವರು ‘ತಿದ್ದಿದ್ದು’ ಎಂದು ಎರಡನೆಯ ಸಲ ಕಳಿಸಿರುತ್ತಾರೆ, ಒಬ್ಬರು ಮೊಬೈಲಿನಲ್ಲಿ ತೆಗೆದ ಫೋಟೊ ಕಳಿಸಿರುತ್ತಾರೆ. ರಾತ್ರಿ ಕುಳಿತು ಇವನ್ನೆಲ್ಲ ಒಂದಕ್ಕೊಂದು ಹೊಂದಿಸುವ ಸಿಆರ್‌ಪಿ ಸೋಮಾರಿಯೂ ಅಲ್ಲ, ಎಕ್ಸೆಲ್ ಬಾರದವರೂ ಅಲ್ಲ. ದುಡಿಮೆಯಲ್ಲಿ ಕೊರತೆಯೇನೂ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ಕಡತಗಳು ಇರುವಲ್ಲಿ ಒಂದೇ ಇರಬಹುದಿತ್ತು ಎಂಬುದನ್ನು ಅವರಿಗೆ ಯಾರೂ ಕಲಿಸಿಲ್ಲ.

ಒಂದೇ ಕಡತ ಹಲವರ ಕೈಯಲ್ಲಿ ಏಕಕಾಲಕ್ಕೆ ಹೇಗೆ ಇರಬಲ್ಲದು ಎಂಬುದು ತಿಳಿದರೆ ಮುಂದಿನದೆಲ್ಲ ಸುಲಭ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 1968ರ ಡಿಸೆಂಬರಿನಲ್ಲೇ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ, ದೂರದೂರ ಕುಳಿತ ಇಬ್ಬರು ಒಂದೇ ದಾಖಲೆಯ ಮೇಲೆ ಕೆಲಸ ಮಾಡುವುದನ್ನು ತೋರಿಸಿದ್ದರು. ಇಬ್ಬರೂ ಒಂದೇ ಸಾಲನ್ನು ಒಂದೇ ಕ್ಷಣದಲ್ಲಿ ತಿದ್ದಿದರೆ ಯಾರದನ್ನು ಉಳಿಸುವುದು ಎಂಬ ತೊಡಕಿಗೆ 1989ರಲ್ಲಿ ಎಲ್ಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಸಂಶೋಧಕರು ಒಂದು ದಾರಿ ಸೂಚಿಸಿದರು. ಇಡೀ ಪುಟವನ್ನು ಮತ್ತೆಮತ್ತೆ ಕಳಿಸುವ ಬದಲು, ಪ್ರತಿ ತಿದ್ದುಪಡಿಯನ್ನೂ ‘ಹನ್ನೆರಡನೆಯ ಅಕ್ಷರದ ನಂತರ ಇದನ್ನು ಸೇರಿಸು’, ‘ಇಲ್ಲಿಂದ ಮೂರು ಅಕ್ಷರ ತೆಗೆ’ ಎಂಬಂಥ ಪುಟ್ಟ ಆದೇಶವಾಗಿ ಕಳಿಸಬೇಕು. ನನ್ನ ಆದೇಶ ತಲುಪುವಷ್ಟರಲ್ಲಿ ನೀವು ಮೇಲಿನ ಸಾಲಿನಲ್ಲಿ ಐದು ಅಕ್ಷರ ಸೇರಿಸಿದ್ದರೆ, ನನ್ನ ಹನ್ನೆರಡನ್ನು ಹದಿನೇಳಕ್ಕೆ ಸರಿಪಡಿಸಿಕೊಂಡು ಜಾರಿ ಮಾಡಬೇಕು. ಗೂಗಲ್ ಡಾಕ್ಸ್ ನಿಂತಿರುವುದು ಈ ತತ್ವದ ಮೇಲೆ. 2005ರಲ್ಲಿ ರೈಟ್ಲಿ ಎಂಬ ಹೆಸರಿನಲ್ಲಿ ಶುರುವಾದ ಪುಟ್ಟ ಸೇವೆಯನ್ನು ಗೂಗಲ್ 2006ರ ಮಾರ್ಚಿನಲ್ಲಿ ಕೊಂಡುಕೊಂಡಿತು, ಅದೇ ವರ್ಷ ಸ್ಪ್ರೆಡ್‌ಶೀಟನ್ನೂ ತಂದಿತು. 2011ರ ಜೂನಿನಲ್ಲಿ ಮೈಕ್ರೋಸಾಫ್ಟ್ ಆಫೀಸ್ 365ರ ಮೂಲಕ ಇದೇ ದಾರಿಗೆ ಬಂತು.

ಇದರಿಂದ ಹುಟ್ಟುವ ಎರಡು ಸಂಗತಿಗಳನ್ನು ತರಗತಿಗಳಲ್ಲಿ ಬಿಡಿಬಿಡಿ ಸೌಲಭ್ಯಗಳಂತೆ ಕಲಿಸುತ್ತಾರೆ. ಸೇವ್ ಗುಂಡಿ ಏಕಿಲ್ಲ? ಒತ್ತಿದ ಪ್ರತಿ ಅಕ್ಷರವೂ ಆದೇಶವಾಗಿ ಆಗಲೇ ಸರ್ವರಿಗೆ ಹೋಗಿರುತ್ತದೆ, ಉಳಿಸಲು ಬೇರೆ ಏನೂ ಮಿಕ್ಕಿರುವುದಿಲ್ಲ. ಹಳೆಯ ರೂಪಗಳು ಹೇಗೆ ಸಿಗುತ್ತವೆ? ಯಾವ ಆದೇಶ ಯಾವಾಗ, ಯಾರಿಂದ ಬಂತೆಂಬುದು ಜಮೆಯಾಗಿರುವುದರಿಂದ ದಾಖಲೆಯನ್ನು ಹಿಂದಿನ ಯಾವುದೋ ದಿನಕ್ಕೆ ತಿರುಗಿಸಬಹುದು. ‘ವರ್ಷನ್ ಹಿಸ್ಟರಿ’ ಎಂಬುದು ಮೆನುವಿನ ಮೂಲೆಯಲ್ಲಿ ಅಡಗಿರುವ ಆಭರಣವಲ್ಲ, ಇಡೀ ಯಂತ್ರದ ಬೆನ್ನೆಲುಬು. ಇದು ಅರಿವಾದ ನೌಕರನಿಗೆ ‘ಅಂತಿಮ’, ‘ಅಂತಿಮ-2’, ‘ನಿಜವಾದ ಅಂತಿಮ’ ಎಂದು ಕಡತಗಳನ್ನು ಪೇರಿಸುವ ಅಗತ್ಯ ಬೀಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಸದಾಗಿ ಕಲಿಯುವವರ ಭಯ ಹೋಗುತ್ತದೆ. ಐವತ್ತರ ಆಸುಪಾಸಿನಲ್ಲಿ ಕೀಲಿಮಣೆ ಮುಟ್ಟಿದ ಗುಮಾಸ್ತರೊಬ್ಬರ ದೊಡ್ಡ ಅಡ್ಡಿ ‘ಏನಾದರೂ ಅಳಿಸಿಹೋದರೆ?’ ಎಂಬ ಅಂಜಿಕೆ. ಮೊದಲ ದಿನವೇ ಒಂದು ಪುಟವನ್ನು ಬೇಕೆಂದೇ ಅಳಿಸಿ, ಹಿಂದಿನ ರೂಪವನ್ನು ವಾಪಸು ತಂದು ತೋರಿಸಿದರೆ ಆ ಅಂಜಿಕೆ ಅಲ್ಲಿಗೇ ಕರಗುತ್ತದೆ.

ಇಷ್ಟೆಲ್ಲ ಇದ್ದರೂ ನಕಲಿನ ರೂಢಿ ಸುಲಭಕ್ಕೆ ಬಿಡುವುದಿಲ್ಲ. ಕ್ಲೌಡಿನಲ್ಲಿರುವ ಹಾಳೆಯನ್ನು ಇಳಿಸಿಕೊಂಡು, ತಮ್ಮ ಯಂತ್ರದಲ್ಲಿ ತಿದ್ದಿ, ಮತ್ತೆ ಏರಿಸುವವರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಇಳಿಸಿಕೊಂಡ ಕ್ಷಣವೇ ಹೊಸ ಕಡತ ಹುಟ್ಟಿತು, ಅದಕ್ಕೂ ಮೂಲಕ್ಕೂ ಸಂಬಂಧ ಕಡಿಯಿತು ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಕಡತದಿಂದ ಕಡತಕ್ಕೆ ಮಾಹಿತಿ ಸುರಿಯುವ ಪದ್ಧತಿ ಎಂಥ ಅನಾಹುತ ಮಾಡಬಲ್ಲದು ಎಂಬುದನ್ನು 2020ರಲ್ಲಿ ಇಂಗ್ಲೆಂಡ್ ಕಂಡಿತು. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಯಲ್ಲಿ, ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸೆಲ್ ನಮೂನೆಯ ಕಡತಕ್ಕೆ ತುಂಬಲಾಗುತ್ತಿತ್ತು. ಆ ನಮೂನೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕವು ಯಾವ ಎಚ್ಚರಿಕೆಯೂ ಇಲ್ಲದೆ ಉದುರಿಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕದಿಂದ ಹೊರಗುಳಿದವು, ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ಅಷ್ಟು ದೊಡ್ಡ ಕೆಲಸಕ್ಕೆ ಕ್ಲೌಡ್ ಹಾಳೆಯೂ ತಕ್ಕ ಸಾಧನವಲ್ಲ, ಅದಕ್ಕೆ ಡೇಟಾಬೇಸ್ ಬೇಕು. ಆದರೆ ಪಾಠ ಒಂದೇ. ಮಾಹಿತಿ ಪ್ರತಿ ಸಲ ಮನೆ ಬದಲಿಸಿದಾಗಲೂ ಏನಾದರೂ ಕಳೆದುಹೋಗುವ ಸಂಭವವಿದೆ, ಕಳೆದದ್ದು ಯಾರ ಕಣ್ಣಿಗೂ ಬೀಳದಿರುವ ಸಂಭವವೂ ಇದೆ.

ಮೂಲ ಒಂದೇ ಕಡೆ ಇರಬೇಕು ಎಂಬ ವಿಚಾರ ಕರ್ನಾಟಕಕ್ಕೆ ಹೊಸದೇನಲ್ಲ, ಭೂಮಿ ಯೋಜನೆ ನಡೆದದ್ದೇ ಅದರ ಮೇಲೆ. ಸುಮಾರು 2 ಕೋಟಿ ಪಹಣಿಗಳು ಒಂದು ಕಾಲದಲ್ಲಿ 9,000ದಷ್ಟು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಹಂಚಿಹೋಗಿದ್ದವು. ರೈತನಿಗೆ ತನ್ನ ಹೊಲದ ಪಹಣಿ ಬೇಕೆಂದರೆ ಪುಸ್ತಕ ಇಟ್ಟುಕೊಂಡವರ ಮರ್ಜಿ ಕಾಯಬೇಕಿತ್ತು. ಯಾವ ನಮೂದು ಯಾವಾಗ ತಿದ್ದಲ್ಪಟ್ಟಿತು ಎಂದು ಪತ್ತೆಹಚ್ಚುವ ದಾರಿಯೂ ಇರಲಿಲ್ಲ. ಶತಮಾನದ ತಿರುವಿನಲ್ಲಿ ಆ ದಾಖಲೆಗಳನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ತುಂಬಿದ ಸರ್ಕಾರ, ಮುಂದೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ ಎಂದು ಸಾರಿತು. ತಿದ್ದುವ ಅಧಿಕಾರವಿದ್ದವರು ಬೆರಳಚ್ಚು ಕೊಟ್ಟು ಒಳಹೊಕ್ಕಬೇಕು, ಯಾರು ಏನು ಮಾಡಿದರೆಂಬುದು ದಾಖಲಾಗಬೇಕು ಎಂಬ ಏರ್ಪಾಡೂ ಜೊತೆಗೆ ಬಂತು. ಅದು ಇಂದಿನ ಅರ್ಥದ ಕ್ಲೌಡ್ ಆಗಿರಲಿಲ್ಲ. ಆದರೂ ಮೂಲ ಒಂದು, ಅನುಮತಿ ಸ್ಪಷ್ಟ, ಹೆಜ್ಜೆಗುರುತು ಕಡ್ಡಾಯ ಎಂಬ ಮೂರೂ ಅಲ್ಲಿದ್ದವು. ಇಪ್ಪತ್ತು ವರ್ಷಕ್ಕೂ ಹಿಂದೆ ಪಹಣಿಯ ವಿಷಯದಲ್ಲಿ ನಾವು ಒಪ್ಪಿಕೊಂಡ ಶಿಸ್ತನ್ನು ಕಚೇರಿಯ ದಿನನಿತ್ಯದ ಪಟ್ಟಿಗಳ ವಿಷಯದಲ್ಲಿ ಇನ್ನೂ ಒಪ್ಪಿಕೊಂಡಿಲ್ಲ. ಹಳ್ಳಿಯ ವಿದ್ಯಾರ್ಥಿಗೆ ಕ್ಲೌಡ್ ಎಂದರೇನೆಂದು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಒಂದೇ ಹಾಳೆಯಲ್ಲಿ ಹಲವರು ಕೂತಾಗ ಹೊಸ ನಡವಳಿಕೆಯೂ ಬೇಕಾಗುತ್ತದೆ. ಇಪ್ಪತ್ತು ಶಾಲೆಗಳ ಹಾಳೆಯಲ್ಲಿ ಒಬ್ಬ ಶಿಕ್ಷಕಿ ತಮ್ಮ ಶಾಲೆಯ ಸಾಲುಗಳಷ್ಟೇ ಕಾಣಲಿ ಎಂದು ಫಿಲ್ಟರ್ ಹಾಕಿದರೆ ಉಳಿದವರ ಪರದೆಯಿಂದಲೂ ಬೇರೆ ಸಾಲುಗಳು ಮರೆಯಾಗುತ್ತವೆ. ‘ನಮ್ಮ ಮಾಹಿತಿ ಮಾಯವಾಯ್ತು’ ಎಂಬ ಫೋನ್ ಕರೆಗಳ ಹಿಂದೆ ಬಹಳ ಸಲ ಇರುವುದು ಇಷ್ಟೇ. ತನಗೆ ಮಾತ್ರ ಕಾಣುವ ಫಿಲ್ಟರ್ ವ್ಯೂ ಬೇರೆ ಇದೆ, ಅದನ್ನು ಕಲಿಯಲು ಐದು ನಿಮಿಷ ಸಾಕು. ಹಾಳೆಯ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 05/06 ಎಂಬುದು ಮೇ 6 ಆಗುತ್ತದೆ, ಭಾರತ ಎಂದಿದ್ದರೆ ಜೂನ್ 5. ನಿವೃತ್ತಿ ದಿನಾಂಕದ ಪಟ್ಟಿಯಲ್ಲಿ ಈ ಎಡವಟ್ಟು ಎಷ್ಟು ದುಬಾರಿಯೆಂದು ಹೇಳಬೇಕಿಲ್ಲ. ಒಂದೇ ಊರಿನ ಹೆಸರನ್ನು ಹತ್ತು ಜನ ಹತ್ತು ರೀತಿ ಬರೆದರೆ ಯಂತ್ರ ಅದನ್ನು ಹತ್ತು ಊರೆಂದೇ ಎಣಿಸುತ್ತದೆ. ಟೈಪ್ ಮಾಡಲು ಬಿಡುವ ಬದಲು ಆಯ್ಕೆಪಟ್ಟಿ ಕೊಟ್ಟರೆ ಆ ರಗಳೆಯಿಲ್ಲ. ಫಾರ್ಮುಲಾ ಇರುವ ಕಾಲಂಗೆ ಬೀಗ ಹಾಕಿಡಬಹುದು. ಇವು ಯಾವುವೂ ಕಠಿಣ ವಿದ್ಯೆಯಲ್ಲ. ‘ಈ ಹಾಳೆ ನನ್ನೊಬ್ಬನದಲ್ಲ’ ಎಂಬ ಅರಿವಿನಿಂದ ಹುಟ್ಟುವ ಸಾಮಾನ್ಯ ಸೌಜನ್ಯಗಳು.

ಅನುಮತಿಯ ಪಾಠ ಇನ್ನೂ ಗಂಭೀರವಾದದ್ದು. ಗೂಗಲ್ ಡ್ರೈವ್‌ನಲ್ಲಿ ಒಬ್ಬರಿಗೆ ನೋಡುವ, ಟಿಪ್ಪಣಿ ಹಾಕುವ, ಅಥವಾ ತಿದ್ದುವ ಅನುಮತಿ ಕೊಡಬಹುದು. ಹೆಸರಿಸಿದವರಿಗೆ ಮಾತ್ರ ತೆರೆಯಬಹುದು, ಇಲ್ಲವೆ ‘ಲಿಂಕ್ ಇರುವ ಯಾರಿಗಾದರೂ’ ಎಂದು ಬಿಡಬಹುದು. ಅವಸರದಲ್ಲಿರುವ ಕಚೇರಿ ಎರಡನೆಯದನ್ನೇ ಆರಿಸುತ್ತದೆ, ಏಕೆಂದರೆ ‘ನಮಗೆ ತೆರೀತಾ ಇಲ್ಲ ಸಾರ್’ ಎಂಬ ದೂರು ಆಗ ಬರುವುದಿಲ್ಲ. ಆ ಲಿಂಕ್ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋದರೆ ತಡೆಯುವವರಿಲ್ಲ. ಹಾಳೆಯಲ್ಲಿ ಇರುವುದಾದರೂ ಏನು? ವಿದ್ಯಾರ್ಥಿವೇತನಕ್ಕೆಂದು ಪಡೆದ ಮಕ್ಕಳ ಆಧಾರ್ ಸಂಖ್ಯೆ, ತಾಯಿಯ ಬ್ಯಾಂಕ್ ಖಾತೆ, ಜಾತಿ, ಫೋನ್ ನಂಬರು. ಗೂಗಲ್ ಫಾರ್ಮ್ ಕಳಿಸುವಾಗಲೂ ಉತ್ತರಿಸುವ ಲಿಂಕ್ ಬೇರೆ, ಫಾರ್ಮನ್ನೇ ತಿದ್ದುವ ಲಿಂಕ್ ಬೇರೆ. ಫಾರ್ಮ್ ಎಲ್ಲರಿಗೂ ತೆರೆದಿರುವಾಗ ಎರಡನೆಯದನ್ನು ಕಳಿಸಿದರೆ, ಹಿಂದೆ ಉತ್ತರಿಸಿದವರ ವಿವರಗಳೂ ಅಪರಿಚಿತರ ಕೈಗೆ ಸಿಗುತ್ತವೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಸಂಗ್ರಹಿಸಿದ ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ದಂಡದ ಮಾತು ಹಾಗಿರಲಿ. ಆ ತಾಯಿ ತನ್ನ ಖಾತೆಯ ನಂಬರನ್ನು ಶಾಲೆಯ ಮೇಲಿನ ನಂಬಿಕೆಯಿಂದ ಬರೆದುಕೊಟ್ಟಿದ್ದಾಳೆ. ಆ ನಂಬಿಕೆಯನ್ನು ಕಾಯುವುದು ಶೇರ್ ಗುಂಡಿ ಒತ್ತುವ ಬೆರಳಿನ ಕೆಲಸ, ಅದನ್ನು ಕಲಿಸದ ತರಬೇತಿಯನ್ನು ತರಬೇತಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅನುಮತಿಯ ಬೆನ್ನಿಗೇ ಒಡೆತನದ ಪ್ರಶ್ನೆ ಬರುತ್ತದೆ. ಸ್ವಂತ ಜಿಮೇಲ್ ಖಾತೆಯಲ್ಲಿ ತೆರೆದ ಹಾಳೆ ಆ ವ್ಯಕ್ತಿಯದು, ಕಚೇರಿಯದಲ್ಲ. ಅವರು ವರ್ಗವಾಗಿ ಹೋದರೆ ಹಾಳೆಯೂ ಅವರ ಜೊತೆ ಹೋಗುತ್ತದೆ. ನಿವೃತ್ತರಾಗಿ ಆ ಖಾತೆಯನ್ನು ಬಳಸುವುದನ್ನೇ ಬಿಟ್ಟರೆ ಇನ್ನೂ ಕಷ್ಟ. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಬಹುದು, ಈ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಸಂಸ್ಥೆಯ ಹೆಸರಿನ ಖಾತೆಗಳಲ್ಲಿ ‘ಶೇರ್ಡ್ ಡ್ರೈವ್’ ಎಂಬ ವ್ಯವಸ್ಥೆಯಿದ್ದು, ಅಲ್ಲಿನ ಕಡತಗಳು ಯಾವ ವ್ಯಕ್ತಿಯ ಸ್ವತ್ತೂ ಆಗಿರುವುದಿಲ್ಲ. ಜನ ಬಂದು ಹೋದರೂ ಅವು ನಿಂತಿರುತ್ತವೆ. ಹಣ ಕೊಟ್ಟು ಅಂಥ ಖಾತೆ ಪಡೆಯಲಾಗದ ಸಣ್ಣ ಸಂಘಗಳು ಹೊರಡುವವರಿಂದ ಒಡೆತನವನ್ನು ಕಡತವಾರು ವರ್ಗಾಯಿಸಿಕೊಳ್ಳಬಹುದು. ಹಲವರು ಇದಕ್ಕೆ ಸುಲಭದ ದಾರಿಯೆಂದು ಕಚೇರಿಗೆಲ್ಲ ಒಂದೇ ಖಾತೆ ಮಾಡಿ, ಪಾಸ್‌ವರ್ಡನ್ನು ಗೋಡೆಗೆ ಅಂಟಿಸುತ್ತಾರೆ. ಆಗ ಇಡೀ ಚರಿತ್ರೆ ಒಬ್ಬರ ಹೆಸರಿನಲ್ಲೇ ಬರೆಯಲ್ಪಡುತ್ತದೆ. ಮೊತ್ತ ತಿದ್ದಿದ್ದು ಯಾರೆಂದು ಕೇಳಿದರೆ ಎಲ್ಲರ ಮೇಲೂ ಅನುಮಾನ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಅದಕ್ಕೆ ಎರಡು ಹಂತದ ಪರಿಶೀಲನೆ ಇದ್ದಾಗ ಮಾತ್ರ ನಿರಪರಾಧಿಗೂ ರಕ್ಷಣೆ ಸಿಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಕಲಿಯಬೇಕಾದ ಮೂಲಪಾಠ ಇನ್ನೊಂದಿದೆ, ಇಂಗ್ಲಿಷಿನ ಯಾವ ಪಠ್ಯಪುಸ್ತಕದಲ್ಲೂ ಅದು ಸಿಗುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೂ ಮೊದಲಿನ ಬರಹ ನಮ್ಮನ್ನು ಕಂಪ್ಯೂಟರಿನಲ್ಲಿ ಕನ್ನಡಿಗರಾಗಿ ಉಳಿಸಿದವು, ಆ ಋಣ ತೀರುವಂಥದ್ದಲ್ಲ. ಆದರೆ ಅವುಗಳ ಹಳೆಯ ಬಗೆಯ ಬರವಣಿಗೆಯಲ್ಲಿ, ಸಾಮಾನ್ಯವಾಗಿ ಆಸ್ಕಿ ಎಂದು ಕರೆಯುವುದರಲ್ಲಿ, ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಕಡೆ ಅದು ಅರ್ಥವಿಲ್ಲದ ರೋಮನ್ ಗೀಚು. ಕಡತ ಒಂದೇ ಯಂತ್ರದಲ್ಲಿದ್ದಾಗ ಇದು ತೊಂದರೆಯೇ ಆಗಿರಲಿಲ್ಲ. ಕ್ಲೌಡಿಗೆ ಏರಿಸಿ ಒಬ್ಬರು ಫೋನಿನಲ್ಲಿ, ಇನ್ನೊಬ್ಬರು ಬೇರೆ ಊರಿನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಬಣ್ಣ ಬಯಲಾಗುತ್ತದೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲಾಗುವುದಿಲ್ಲ, ಅನುವಾದದ ಸಾಧನಕ್ಕೂ ಓದಿ ಹೇಳುವ ಸಾಧನಕ್ಕೂ ಅದು ಕನ್ನಡವೇ ಅಲ್ಲ. ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಮನೆ ಕಟ್ಟಿಕೊಟ್ಟಿದೆ, ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯಬಲ್ಲವು, ಹಳೆಯದನ್ನು ಪರಿವರ್ತಿಸುವ ಸಾಧನಗಳೂ ಇವೆ. ಹಾಗಿದ್ದೂ ಹಳೆಯ ಅಭ್ಯಾಸದಲ್ಲೇ ದಿನದಿನವೂ ಹೊಸ ದಾಖಲೆಗಳು ಹುಟ್ಟುತ್ತಿವೆ. ಕನ್ನಡದ ಒಂದು ಕಚೇರಿ ಕ್ಲೌಡಿಗೆ ಹೋಗುವುದೆಂದರೆ ಮೊದಲು ಯೂನಿಕೋಡಿಗೆ ಹೋಗುವುದು. ಈ ಹೆಜ್ಜೆ ತಪ್ಪಿಸಿದರೆ ಉಳಿದ ಯಾವ ಸೌಲಭ್ಯವೂ ಕನ್ನಡಕ್ಕೆ ದಕ್ಕುವುದಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡವನ್ನು ಮಾತಾಡಿ ಬರೆಸಬಹುದು ಎಂಬುದು, ಟೈಪಿಂಗ್ ಕಲಿಯದ ಎಷ್ಟೋ ಜನಕ್ಕೆ ಬಾಗಿಲು ತೆರೆಯಬಲ್ಲ ಸಂಗತಿ. ಆ ಬರಹವೂ ಮೂಡುವುದು ಯೂನಿಕೋಡಿನಲ್ಲೇ.

ಇದೆಲ್ಲ ಸರಿ, ‘ಸರ್ವರ್ ಡೌನ್’ ಆದರೆ ಏನು ಗತಿ ಎಂಬ ಆಕ್ಷೇಪ ಏಳುತ್ತದೆ, ಏಳಲೇಬೇಕು. ಪಡಿತರ ಅಂಗಡಿಯ ಮುಂದೆ ಆ ಮಾತು ಕೇಳಿ ಮನೆಗೆ ಹೋದವರಿಗೆ ಕ್ಲೌಡಿನ ಗುಣಗಾನ ರುಚಿಸದು. 2020ರ ಡಿಸೆಂಬರ್ 14ರಂದು ಗೂಗಲ್‌ನ ಸೇವೆಗಳು ಜಗತ್ತಿನಾದ್ಯಂತ ಸುಮಾರು ಮುಕ್ಕಾಲು ಗಂಟೆ ನಿಂತಿದ್ದವು. ಬಳಕೆದಾರರನ್ನು ಗುರುತಿಸುವ ವ್ಯವಸ್ಥೆಯೇ ಕೈಕೊಟ್ಟಿತ್ತು. ಅದಕ್ಕಿಂತ ದಾರುಣವಾದದ್ದು ನಡೆದದ್ದು 2025ರ ಸೆಪ್ಟೆಂಬರಿನಲ್ಲಿ, ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ. ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗಳಿಂದ ಹತ್ತಿದ ಬೆಂಕಿ, ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ ಸಂಗ್ರಹವನ್ನು ಸುಟ್ಟುಹಾಕಿತು. 858 ಟೆರಾಬೈಟ್ ಮಾಹಿತಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು. ಕ್ಲೌಡ್ ಎಂದರೆ ಬೇರೊಬ್ಬರ ಕಟ್ಟಡದಲ್ಲಿರುವ ಕಂಪ್ಯೂಟರ್, ಕಟ್ಟಡಕ್ಕೆ ಬೆಂಕಿ ಬೀಳುತ್ತದೆ. ಆದರೆ ಇದು ಕ್ಲೌಡ್ ಬೇಡವೆನ್ನುವುದಕ್ಕಿಂತ, ದಾಖಲೆ ಎಲ್ಲಿದೆ ಎಂಬುದನ್ನು ಕಲಿಯಲೇಬೇಕು ಎನ್ನುವುದಕ್ಕೆ ಬಲವಾದ ಸಾಕ್ಷ್ಯ. ಸಿಂಕ್ ಆಗುವ ಫೋಲ್ಡರನ್ನೇ ಬ್ಯಾಕಪ್ ಎಂದು ಬಹಳ ಮಂದಿ ನಂಬಿದ್ದಾರೆ. ಒನ್‌ಡ್ರೈವ್‌ಗೆ ಜೋಡಿಸಿದ ಫೋಲ್ಡರಿನಿಂದ ಕಡತ ಅಳಿಸಿದರೆ ಅದು ಕ್ಲೌಡಿನಿಂದಲೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ ಕೆಲವು ವಾರಗಳಷ್ಟೇ ಉಳಿಯುತ್ತದೆ. ಬ್ಯಾಕಪ್ ಎಂದರೆ ಬೇರೆ ಜಾಗ, ಬೇರೆ ಕೈ. ತಿಂಗಳಿಗೊಮ್ಮೆ ಮುಖ್ಯ ಕಡತಗಳನ್ನು ಇಳಿಸಿ ಹಾರ್ಡ್‌ಡಿಸ್ಕಿನಲ್ಲಿ ಇಡುವ ಕೆಲಸವನ್ನು ಯಾರಿಗಾದರೂ ಹೆಸರು ಹಿಡಿದು ವಹಿಸಬೇಕು. ನೆಟ್‌ವರ್ಕ್ ಆಗಾಗ ಹೋಗುವ ಊರುಗಳಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟರೆ ಕೆಲಸ ಮುಂದುವರಿಸಿ, ಸಂಪರ್ಕ ಬಂದಾಗ ಹೊಂದಿಸಿಕೊಳ್ಳಬಹುದು. ನೆಟ್ ಹೋದಮೇಲೆ ಅದನ್ನು ಹುಡುಕಿದರೆ ಪ್ರಯೋಜನವಿಲ್ಲ.

ನಮ್ಮ ಆಡಳಿತವನ್ನೂ ಸಣ್ಣ ಉದ್ಯಮಗಳನ್ನೂ ಒಂದೆರಡು ವಿದೇಶಿ ಕಂಪನಿಗಳ ಮುಷ್ಟಿಗೆ ಕೊಡುವುದು ಸರಿಯೇ ಎಂಬ ಇನ್ನೊಂದು ಆಕ್ಷೇಪ ಬೆಲೆಗಿಂತ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್‌ನಿಂದ ಲಿಬ್ರೆಆಫೀಸ್, ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶಗಳಿಗೆ ಬದಲಿಸುವುದಾಗಿ 2024ರಲ್ಲಿ ಘೋಷಿಸಿತು. ನಮ್ಮ ಕೇಂದ್ರ ಸರ್ಕಾರದ ನೌಕರರ ಇಮೇಲ್ ಚೆನ್ನೈ ಮೂಲದ ಜೋಹೊ ವೇದಿಕೆಗೆ ಬಂದಿದೆ. ನಾಳೆ ಇನ್ಯಾವುದೋ ಬರಬಹುದು. ಗುಂಡಿಗಳನ್ನು ಬಾಯಿಪಾಠ ಮಾಡಿದವರು ಪ್ರತಿ ಬದಲಾವಣೆಯಲ್ಲೂ ಅಆಇಈ ಇಂದ ಶುರು ಮಾಡಬೇಕು. ಲಿಂಕು, ಅನುಮತಿ, ಒಡೆತನ, ಚರಿತ್ರೆ ಎಂಬ ಕಲ್ಪನೆಗಳು ಗೂಗಲ್‌ನಲ್ಲೂ ಜೋಹೊದಲ್ಲೂ ನೆಕ್ಸ್ಟ್‌ಕ್ಲೌಡಿನಲ್ಲೂ ಅವೇ, ಹೆಸರು ಮತ್ತು ಜಾಗ ಮಾತ್ರ ಬೇರೆ. ಕಂಪನಿಯ ಹಿಡಿತದಿಂದ ಬಿಡಿಸಿಕೊಳ್ಳಬೇಕೆನ್ನುವವರಿಗೂ ಬೇಕಾದದ್ದು ಇದೇ ಕಲಿಕೆ.

ಹೊಸ ತಲೆಮಾರು ಫೋನ್ ಹಿಡಿದುಕೊಂಡೇ ಬೆಳೆದಿದೆ, ಅವರಿಗೆ ಇದನ್ನೆಲ್ಲ ಕಲಿಸಬೇಕೆ ಎನ್ನುವವರಿದ್ದಾರೆ. ಐಇಎ ಎಂಬ ಅಂತರರಾಷ್ಟ್ರೀಯ ಶೈಕ್ಷಣಿಕ ಸಂಸ್ಥೆ 2018ರಲ್ಲಿ ಹಲವು ದೇಶಗಳ ಎಂಟನೆಯ ತರಗತಿಯ ಮಕ್ಕಳ ಕಂಪ್ಯೂಟರ್ ಸಾಕ್ಷರತೆಯನ್ನು ಅಳೆದಾಗ, ಅತ್ಯುನ್ನತ ಹಂತ ಮುಟ್ಟಿದವರು ಶೇಕಡ 2ರಷ್ಟು. ಭಾರತ ಅದರಲ್ಲಿ ಭಾಗವಹಿಸಿರಲಿಲ್ಲ, ಆದರೂ ಸಾಧನವನ್ನು ಸದಾ ಬಳಸುವುದಕ್ಕೂ ಅದನ್ನು ಅರಿಯುವುದಕ್ಕೂ ಇರುವ ಅಂತರ ನಮ್ಮಲ್ಲಿ ಕಡಿಮೆ ಇರಲು ಕಾರಣ ಕಾಣುವುದಿಲ್ಲ. ಇನ್ನು ಕೃತಕ ಬುದ್ಧಿಮತ್ತೆಯೇ ಎಲ್ಲ ಮಾಡಿಕೊಡುತ್ತದೆ ಎಂಬ ವಾದ. ಮೈಕ್ರೋಸಾಫ್ಟ್ 365ರ ಕೋಪೈಲಟ್‌ನಂಥ ಸಾಧನ ಸಂಸ್ಥೆಯ ಕಡತಗಳಲ್ಲಿ ಹುಡುಕಿ ಉತ್ತರ ಕೊಡುವುದು, ಕೇಳಿದವರಿಗೆ ಯಾವುದನ್ನು ನೋಡಲು ಅನುಮತಿಯಿದೆಯೋ ಅದರಿಂದ. ಹಿಂದೆಂದೋ ಅಜಾಗರೂಕತೆಯಿಂದ ಎಲ್ಲರಿಗೂ ತೆರೆದಿಟ್ಟ ಸಂಬಳದ ಪಟ್ಟಿ ಇಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಇದ್ದಿರಬಹುದು. ಕೇಳಿದೊಡನೆ ಹುಡುಕಿ ತರುವ ಯಂತ್ರ ಬಂದಮೇಲೆ ಆ ಮರೆಯೂ ಇರುವುದಿಲ್ಲ. ಯಂತ್ರ ಜಾಣವಾದಷ್ಟೂ ಅನುಮತಿಯ ತಪ್ಪುಗಳು ದುಬಾರಿಯಾಗುತ್ತವೆ. ನೌಕರರ ಕಡೆಯಿಂದ ಬರುವ ಸಂಕೋಚ ಬೇರೆ ಬಗೆಯದು: ಪ್ರತಿ ತಿದ್ದುಪಡಿಯೂ ಹೆಸರು, ಸಮಯದೊಂದಿಗೆ ದಾಖಲಾದರೆ ಅದು ಕಾವಲಿನ ಹತ್ಯಾರವಾಗದೆ? ಆಗಬಹುದು. ರಾತ್ರಿ ಹನ್ನೊಂದಕ್ಕೆ ಹಾಳೆ ತುಂಬಿದ್ದನ್ನು ನೋಡಿ ನಾಳೆಯಿಂದ ಎಲ್ಲರೂ ಹಾಗೇ ಮಾಡಲಿ ಎನ್ನುವ ಮೇಲಧಿಕಾರಿ ಇರಬಹುದು. ಆ ದುರುಪಯೋಗವನ್ನು ಸೇವಾ ನಿಯಮಗಳಿಂದ ತಡೆಯಬೇಕು. ಆದರೆ ಚರಿತ್ರೆ ಇರುವುದು ಗೊತ್ತಿಲ್ಲದ ನೌಕರ ಹೆಚ್ಚು ಅಸಹಾಯಕ, ಏಕೆಂದರೆ ತನ್ನ ಪರವಾದ ಸಾಕ್ಷಿ ಅಲ್ಲೇ ಇದೆಯೆಂಬುದೂ ಅವನಿಗೆ ತಿಳಿದಿರುವುದಿಲ್ಲ.

ಹಾಗಾದರೆ ಕಲಿಕೆ ಹೇಗಿರಬೇಕು? ಮೆನುಗಳ ಮೆರವಣಿಗೆಯಿಂದ ಶುರುವಾಗಬಾರದು. ಕಲಿಯುವವರು ದಿನವೂ ಮಾಡುವ ಒಂದು ಕೆಲಸವನ್ನೇ, ಹಾಜರಾತಿಯೋ ಹಾಲಿನ ಲೆಕ್ಕವೋ, ಒಂದು ಹಂಚಿಕೆಯ ಹಾಳೆಯಲ್ಲಿ ಹತ್ತು ಜನ ಒಟ್ಟಿಗೆ ಮಾಡಬೇಕು. ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸಬೇಕು, ಮೂರನೆಯವರು ಚರಿತ್ರೆಯಿಂದ ಸರಿಪಡಿಸಬೇಕು. ಎಲ್ಲರಿಗೂ ತೆರೆದಿಟ್ಟ ಲಿಂಕನ್ನು ಲಾಗಿನ್ ಆಗದ ಬೇರೆ ಬ್ರೌಸರಿನಲ್ಲಿ ತೆರೆದು, ಅಪರಿಚಿತನಿಗೆ ಏನೆಲ್ಲ ಕಾಣುತ್ತದೆಂದು ಕಣ್ಣಾರೆ ನೋಡಬೇಕು. ಹಳೆಯ ನುಡಿ ಕಡತವೊಂದನ್ನು ಫೋನಿನಲ್ಲಿ ತೆರೆದು, ಪರಿವರ್ತಿಸಿ, ಹುಡುಕಿ ಸಿಗುವಂತೆ ಮಾಡಬೇಕು. ಎರಡು ದಿನದ ತರಬೇತಿಗೆ ಇಷ್ಟು ಸಾಕು, ಫಾರ್ಮುಲಾಗಳು ಆಮೇಲೆ ಬರಲಿ. ಪರೀಕ್ಷೆಯೂ ಇದನ್ನೇ ಕೇಳಬೇಕು: ಇಗೋ ಒಂದು ಲಿಂಕ್, ಇದು ಯಾರ ಒಡೆತನದಲ್ಲಿದೆ, ಯಾರ್‍ಯಾರಿಗೆ ತೆರೆದಿದೆ, ಕಳೆದ ವಾರ ಇದರಲ್ಲಿ ಏನಿತ್ತು? ಕಚೇರಿಗಳು ಮಾಡಬೇಕಾದದ್ದೂ ಒಂದಿದೆ, ಅದಕ್ಕೆ ಹಣ ಬೇಡ. ವರ್ಗವಾದ ನೌಕರರು ಚಾರ್ಜ್ ಒಪ್ಪಿಸುವಾಗ ಬೀರುವಿನ ಕೀಲಿ, ಮೊಹರು, ದಾಸ್ತಾನು ಪುಸ್ತಕಗಳ ಪಟ್ಟಿಗೆ ಇಬ್ಬರೂ ಸಹಿ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಆ ಪಟ್ಟಿಯಲ್ಲಿ ಕಚೇರಿಯ ಪ್ರತಿ ಹಂಚಿಕೆಯ ಕಡತದ ಲಿಂಕ್, ಅದು ಯಾವ ಖಾತೆಯಲ್ಲಿದೆ, ಯಾರಿಗೆಲ್ಲ ತಿದ್ದುವ ಅನುಮತಿಯಿದೆ ಎಂಬುದಕ್ಕೆ ಒಂದು ಕಾಲಂ ಸೇರಬೇಕು. ಹೊಸದಾಗಿ ಬಂದವರು ಸಹಿ ಹಾಕುವ ಮೊದಲು ಪ್ರತಿಯೊಂದನ್ನೂ ತಮ್ಮ ಖಾತೆಯಿಂದ ತೆರೆದು, ಒಂದು ಅಕ್ಷರ ತಿದ್ದಿ, ಅಳಿಸಿ ನೋಡಬೇಕು.